ಬೇಸಿಗೆಯ ಕೈತೋಟದ ಸೊಪ್ಪು, ತರಕಾರಿಗಳನ್ನು ಫ್ರೀಜರ್‌ನಲ್ಲಿ ಕಾಪಿಡುವುದು ಹೇಗೆ? ಅನುಭವಸ್ಥರು ತಿಳಿಸಿ

ಪ್ರಶ್ನೆ

ಈ ಬೇಸಿಗೆಯಲ್ಲಿ ನನ್ನ ಕೈತೋಟ ನಾನು ಎಣಿಸಿದ್ದಕ್ಕಿಂತ ಹೆಚ್ಚು ಫಸಲು ಕೊಡುತ್ತಿದೆ. ಬೇಸಿಲ್, ಪುದೀನ, ಕೊತ್ತಂಬರಿ, ಸಬ್ಬಸಿಗೆ ಎಲ್ಲವೂ ಒಟ್ಟಿಗೇ ಸೊಂಪಾಗಿ ಬೆಳೆದಿವೆ. ಟೊಮೆಟೊ, ಬೀನ್ಸ್, ದಪ್ಪ ಮೆಣಸಿನಕಾಯಿಗಳನ್ನು ಎರಡು ದಿನಕ್ಕೊಮ್ಮೆ ಬುಟ್ಟಿ ತುಂಬ ಕೊಯ್ಯುತ್ತಿದ್ದೇನೆ. ಪರಿಚಿತರಿಗೆಲ್ಲ ಹಂಚಿದ ಮೇಲೂ ಉಳಿಯುತ್ತಿದೆ. ಕಳೆದ ವರ್ಷ ಹೀಗೆ ಉಳಿದದ್ದನ್ನು ತೊಳೆದು, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಹಾಗೆಯೇ ಫ್ರೀಜರ್‌ನಲ್ಲಿ ಇಟ್ಟಿದ್ದೆ. ಎರಡು ತಿಂಗಳಾದ ಮೇಲೆ ತೆಗೆದು ನೋಡಿದರೆ ಬೇಸಿಲ್ ಕಪ್ಪಾಗಿತ್ತು, ಕೊತ್ತಂಬರಿ ಕಲ್ಲಿನಂತೆ ಒಂದೇ ಗಡ್ಡೆಯಾಗಿತ್ತು, ಬೀನ್ಸ್ ಬೇಯಿಸಿದಾಗ ಒಣಹುಲ್ಲಿನ ವಾಸನೆ ಬಂತು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ನಾಲ್ಕು ತಿಂಗಳು ನೀರುಣಿಸಿ ಬೆಳೆಸಿದ್ದನ್ನು ಹಾಗೆ ಎಸೆಯುವಾಗ ತುಂಬ ನೋವಾಯಿತು. ಈ ಸಲ ಸರಿಯಾಗಿ ಮಾಡಬೇಕೆಂದಿದ್ದೇನೆ. ಹಲವು ವರ್ಷಗಳಿಂದ ಮಾಡಿಕೊಂಡು ಬಂದವರು ದಯವಿಟ್ಟು ತಮ್ಮ ಅನುಭವವನ್ನು ಹಂಚಿಕೊಳ್ಳಬೇಕಾಗಿ ವಿನಂತಿ.

ಮೊದಲ ಉತ್ತರ

ನಮಸ್ಕಾರ. ನೀವು ಹೇಳಿದ ಮೂರು ತೊಂದರೆಗಳನ್ನೂ ನಾನು ಬೇರೆ ಬೇರೆ ವರ್ಷಗಳಲ್ಲಿ ಅನುಭವಿಸಿದ್ದೇನೆ. ಅವು ಒಂದೇ ತಪ್ಪಿನಿಂದ ಆದವುಗಳಲ್ಲ. ಬೇಸಿಲ್ ಕಪ್ಪಾದದ್ದು ಎಲೆಯೊಳಗಿನ ಕಿಣ್ವದಿಂದ, ಕೊತ್ತಂಬರಿ ಗಡ್ಡೆಕಟ್ಟಿದ್ದು ಎಲೆಗೆ ಅಂಟಿಕೊಂಡಿದ್ದ ನೀರಿನಿಂದ, ಬೀನ್ಸ್‌ಗೆ ಹುಲ್ಲಿನ ವಾಸನೆ ಬಂದದ್ದು ಅದನ್ನು ಹಸಿಯಾಗಿಯೇ ಇಟ್ಟದ್ದರಿಂದ. ಫ್ರೀಜರ್‌ನ ಚಳಿ ಕಿಣ್ವಗಳ ಕೆಲಸವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಅಲ್ಲಿ ಇಟ್ಟ ಮೇಲೆ ಎಲ್ಲವೂ ಇದ್ದಂತೆಯೇ ಇರುತ್ತದೆ ಎಂಬ ನಂಬಿಕೆಯಿಂದಲೇ ಹೆಚ್ಚಿನವರ ಫಸಲು ಹಾಳಾಗುವುದು.

ನಾನು ಇಷ್ಟು ವರ್ಷಗಳಲ್ಲಿ ಕಲಿತದ್ದರಲ್ಲಿ ಮುಖ್ಯವಾದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಅಡುಗೆಗೆ ಯಾವ ರೂಪದಲ್ಲಿ ಬೇಕೋ ಆ ರೂಪದಲ್ಲಿ, ಒಂದು ಸಲಕ್ಕೆ ಎಷ್ಟು ಬೇಕೋ ಅಷ್ಟೇ ಅಳತೆಯಲ್ಲಿ ಹೆಪ್ಪುಗಟ್ಟಿಸಬೇಕು. ಒಂದು ಕಿಲೋ ಸೊಪ್ಪಿನ ಒಂದು ಚೀಲಕ್ಕಿಂತ ಇಪ್ಪತ್ತು ಪುಟ್ಟ ಪೊಟ್ಟಣಗಳು ಎಷ್ಟೋ ಮೇಲು. ದೊಡ್ಡ ಚೀಲವನ್ನು ಪ್ರತಿ ಸಲ ಹೊರತೆಗೆದು, ಒಡೆದು, ಸ್ವಲ್ಪ ತೆಗೆದುಕೊಂಡು ಮತ್ತೆ ಒಳಗಿಡುವಾಗ ಅಂಚುಗಳು ಕರಗಿ ಮತ್ತೆ ಗಟ್ಟಿಯಾಗುತ್ತವೆ. ನಾಲ್ಕಾರು ಸಲ ಹಾಗಾದ ಮೇಲೆ ಅದರಲ್ಲಿ ಹುರುಳು ಉಳಿಯುವುದಿಲ್ಲ.

ಇನ್ನು ಕೊಯ್ಲು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಕೊಯ್ಯಿರಿ. ಗಿಡ ಹೂ ಬಿಡುವ ಮೊದಲೇ ಕೊಯ್ದ ಎಲೆಯಲ್ಲಿ ಪರಿಮಳ ಹೆಚ್ಚು. ತೊಳೆದ ಮೇಲೆ ಸೊಪ್ಪನ್ನು ನೆರಳಿನಲ್ಲಿ ಹತ್ತಿಯ ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಹಾಕಿ ಮೃದುವಾಗಿ ಒತ್ತಿ, ತೇವ ಪೂರ್ತಿ ಹೋಗುವವರೆಗೆ ಬಿಡಬೇಕು. ಎಲೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದರೆ ಒದ್ದೆಯ ಗುರುತು ಕಾಣಬಾರದು. ಇದಕ್ಕೆ ಒಂದು ಗಂಟೆ ಬೇಕಾದರೂ ಅವಸರ ಮಾಡಬೇಡಿ. ಕೊತ್ತಂಬರಿ ಕಲ್ಲಾಗುವುದನ್ನು ತಡೆಯಲು ನನಗೆ ಗೊತ್ತಿರುವ ಉಪಾಯ ಇದೊಂದೇ.

ಕೊತ್ತಂಬರಿ, ಪಾರ್ಸ್ಲಿ, ಸಬ್ಬಸಿಗೆಗಳಿಗೆ ನಾನು ಅನುಸರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ನನಗೆ ಅತ್ಯಂತ ಪ್ರಿಯವಾದದ್ದು. ಆರಿದ ಸೊಪ್ಪಿನ ದಪ್ಪ ದಂಟುಗಳನ್ನು ತೆಗೆದು, ಎಲೆಗಳನ್ನು ಜಿಪ್ ಇರುವ ಚೀಲದ ತಳಕ್ಕೆ ಹಾಕಿ, ಅಂಗೈಯಿಂದ ಒತ್ತಿ ಒತ್ತಿ ಬಿಗಿಯಾಗಿ ತುಂಬುತ್ತೇನೆ. ಆಮೇಲೆ ತಳದಿಂದ ಬಾಯಿಯ ಕಡೆಗೆ ಚಾಪೆ ಸುತ್ತುವ ಹಾಗೆ ಸುತ್ತುತ್ತಾ ಹೋದರೆ ಒಳಗಿನ ಗಾಳಿ ತಾನಾಗಿಯೇ ಹೊರಟುಹೋಗುತ್ತದೆ. ಬಾಯಿ ಮುಚ್ಚಿ, ಎರಡು ರಬ್ಬರ್ ಬ್ಯಾಂಡ್ ಹಾಕಿ ಫ್ರೀಜರ್‌ನಲ್ಲಿ ಇಟ್ಟರೆ ಮರುದಿನಕ್ಕೆ ಅದು ಕೈಬೆರಳಿನ ಗಾತ್ರದ ಹಸಿರು ಕೋಲಾಗಿರುತ್ತದೆ. ಬೇಕಾದಾಗ ಚೀಲ ಬಿಚ್ಚಿ, ಕೋಲಿನ ತುದಿಯನ್ನು ಹಲಗೆಯ ಮೇಲಿಟ್ಟು ಚಾಕುವಿನಿಂದ ತೆಳುವಾಗಿ ಕತ್ತರಿಸಿದರೆ, ಆಗತಾನೇ ಹೆಚ್ಚಿದ ಸೊಪ್ಪಿನಂತೆಯೇ ಉದುರುತ್ತದೆ. ಚಾಕು ತಗುಲಿದಾಗ ಕರಕರ ಎನ್ನುತ್ತದೆ. ಅದರ ಹಿಂದೆಯೇ ಹಸಿ ಪರಿಮಳ ಏಳುತ್ತದೆ. ಉಳಿದದ್ದನ್ನು ಕರಗಲು ಬಿಡದೆ ಕೂಡಲೇ ಸುತ್ತಿ ಒಳಗಿಡಬೇಕು.

ಬೇಸಿಲ್‌ನ ಸ್ವಭಾವ ಬೇರೆ. ಎಲೆಯ ಜೀವಕೋಶಗಳು ಒಡೆದ ಕೂಡಲೇ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅದನ್ನು ಕಪ್ಪಾಗಿಸುತ್ತದೆ. ಹೆಚ್ಚಿಟ್ಟ ಸೇಬು ಕಂದು ಬಣ್ಣಕ್ಕೆ ತಿರುಗುವುದೂ ಇದರಿಂದಲೇ. ಇದನ್ನು ತಡೆಯಲು ಎರಡು ದಾರಿಗಳಿವೆ. ಎಲೆಗಳನ್ನು ಕುದಿಯುವ ನೀರಿನಲ್ಲಿ ಐದರಿಂದ ಹತ್ತು ಸೆಕೆಂಡು ಮಾತ್ರ ಅದ್ದಿ, ತಕ್ಷಣ ಮಂಜುಗಡ್ಡೆ ಹಾಕಿದ ನೀರಿಗೆ ವರ್ಗಾಯಿಸಿ, ಒರೆಸಿ, ನಂತರ ಹೆಪ್ಪುಗಟ್ಟಿಸುವುದು ಒಂದು ದಾರಿ. ಎಲೆಗಳನ್ನು ಎಣ್ಣೆಯೊಂದಿಗೆ ತರಿತರಿಯಾಗಿ ರುಬ್ಬಿ ಐಸ್ ಟ್ರೇಗೆ ತುಂಬುವುದು ಇನ್ನೊಂದು. ಎಣ್ಣೆ ಗಾಳಿಯನ್ನು ಎಲೆಗೆ ತಾಗಗೊಡುವುದಿಲ್ಲ, ಬೇಸಿಲ್‌ನ ಪರಿಮಳದ ಅಂಶಗಳು ಎಣ್ಣೆಯಲ್ಲಿ ಕರಗುವಂಥವಾದ್ದರಿಂದ ಸುವಾಸನೆಯೂ ಅದರಲ್ಲಿ ಚೆನ್ನಾಗಿ ನಿಲ್ಲುತ್ತದೆ. ನನ್ನ ಆಯ್ಕೆ ಎರಡನೆಯದು. ಮೊದಲನೆಯದರಲ್ಲಿ ಬಣ್ಣ ಚೆನ್ನಾಗಿರುತ್ತದೆ, ಆದರೆ ಪರಿಮಳ ಸ್ವಲ್ಪ ಕುಂದುತ್ತದೆ. ಬೆಳ್ಳುಳ್ಳಿಯನ್ನು ಮಾತ್ರ ಈ ಮಿಶ್ರಣಕ್ಕೆ ಸೇರಿಸಬೇಡಿ. ಫ್ರೀಜರ್‌ನಲ್ಲಿ ಅದರ ಘಾಟು ಹೆಚ್ಚಿ ಕಹಿಯಾಗುವುದುಂಟು. ಬಳಸುವ ದಿನ ಹಸಿ ಬೆಳ್ಳುಳ್ಳಿ ಹಾಕಿಕೊಳ್ಳುವುದೇ ಒಳ್ಳೆಯದು.

ಪುದೀನವನ್ನು ಪಾನೀಯಗಳಿಗೆ ಬಳಸುವವರು ಹೆಚ್ಚಿದ ಎಲೆಗಳನ್ನು ಐಸ್ ಟ್ರೇಯ ಗುಳಿಗಳಲ್ಲಿ ಮುಕ್ಕಾಲು ಪಾಲು ತುಂಬಿ, ಮೇಲೆ ನೀರು ಹಾಕಿದರೆ ಸಾಕು. ಎಲೆ ತೇಲಿಬಂದು ನೀರಿನ ಮೇಲೆ ಉಳಿದರೆ ಆ ಭಾಗ ಒಣಗಿ ಕಂದಾಗುತ್ತದೆ. ಆದ್ದರಿಂದ ಮೊದಲು ಅರ್ಧ ನೀರು ಹಾಕಿ ಹೆಪ್ಪುಗಟ್ಟಿಸಿ, ಆಮೇಲೆ ಮತ್ತೆ ನೀರು ಹಾಕಿ ಪೂರ್ತಿ ಮುಚ್ಚುತ್ತೇನೆ. ಘನಗಳು ಗಟ್ಟಿಯಾದ ಮೇಲೆ ಟ್ರೇಯಿಂದ ಬಿಡಿಸಿ ಚೀಲಕ್ಕೆ ಹಾಕಬೇಕು. ಟ್ರೇಯಲ್ಲಿಯೇ ಬಿಟ್ಟರೆ ಫ್ರೀಜರ್‌ನಲ್ಲಿರುವ ಇತರ ಪದಾರ್ಥಗಳ ವಾಸನೆಯನ್ನು ಹೀರಿಕೊಳ್ಳುತ್ತವೆ.

ರೋಸ್‌ಮೇರಿ, ಥೈಮ್, ಓರೆಗಾನೊಗಳಂಥ ಗಡುಸು ಕಡ್ಡಿಯ ಗಿಡಗಳನ್ನು ನೆರಳಿನಲ್ಲಿ ಒಣಗಿಸಿದರೇ ಚೆನ್ನ. ಅವುಗಳಿಗೆ ಫ್ರೀಜರ್‌ನ ಜಾಗವನ್ನು ವ್ಯರ್ಥ ಮಾಡುವುದು ಬೇಡವೆಂಬುದು ನನ್ನ ಅಭಿಪ್ರಾಯ.

ಎರಡನೆಯ ಉತ್ತರ

ಸೊಪ್ಪಿನ ವಿಚಾರವನ್ನು ಮೇಲೆ ಬರೆದವರು ಚೆನ್ನಾಗಿ ವಿವರಿಸಿದ್ದಾರೆ. ನಾನು ತರಕಾರಿಗಳ ಬಗ್ಗೆ, ಅದರಲ್ಲೂ ನಿಮ್ಮ ಬೀನ್ಸ್ ಬಗ್ಗೆ ಬರೆಯುತ್ತೇನೆ. ನಾನೂ ಮೊದಲ ವರ್ಷ ಬೀನ್ಸ್ ಹೆಚ್ಚಿ ಹಸಿಯಾಗಿಯೇ ಇಟ್ಟು ಕೆಡಿಸಿಕೊಂಡವರಲ್ಲಿ ಒಬ್ಬ. ಆ ಒಣಹುಲ್ಲಿನ ವಾಸನೆಗೆ ಲಿಪಾಕ್ಸಿಜನೇಸ್ ಮೊದಲಾದ ಕಿಣ್ವಗಳು ಕಾರಣ. ತರಕಾರಿಯಲ್ಲಿರುವ ಕೊಬ್ಬಿನಂಶ ಬಲು ಕಡಿಮೆಯಾದರೂ ಅವು ಅದನ್ನೇ ಚೂರುಚೂರಾಗಿ ಒಡೆಯುತ್ತಾ ಕೆಟ್ಟ ರುಚಿ ಹುಟ್ಟಿಸುತ್ತವೆ. ಇದನ್ನು ನಿಲ್ಲಿಸಲು ಬ್ಲಾಂಚ್ ಮಾಡಬೇಕು, ಅಂದರೆ ತರಕಾರಿಯನ್ನು ಕುದಿಯುವ ನೀರಿನಲ್ಲಿ ಗೊತ್ತಾದಷ್ಟು ಹೊತ್ತು ಮುಳುಗಿಸಿ ಕೂಡಲೇ ತಣ್ಣಗಾಗಿಸಬೇಕು.

ಇದರಲ್ಲಿ ಹೊತ್ತಿನ ಲೆಕ್ಕ ಬಹಳ ಮುಖ್ಯ. ಬೀನ್ಸ್‌ಗೆ 3 ನಿಮಿಷ, ಸುಲಿದ ಹಸಿ ಬಟಾಣಿಗೆ ಒಂದೂವರೆ ನಿಮಿಷ, ಪಾಲಕ್ ಸೊಪ್ಪಿಗೆ 2 ನಿಮಿಷ, ಬಿಲ್ಲೆಗಳಾಗಿ ಹೆಚ್ಚಿದ ಕ್ಯಾರೆಟ್‌ಗೆ 2 ನಿಮಿಷ, ಹೂಕೋಸಿನ ತುಂಡುಗಳಿಗೆ 3 ನಿಮಿಷ, ಎಳೆಯ ಬೆಂಡೆಕಾಯಿಗೆ 3 ನಿಮಿಷ, ಬಲಿತ ದೊಡ್ಡ ಬೆಂಡೆಗೆ 4 ನಿಮಿಷ. ಮೆಕ್ಕೆಜೋಳವನ್ನು ತೆನೆಯಾಗಿಯೇ ಇಡುವುದಾದರೆ ಗಾತ್ರಕ್ಕೆ ತಕ್ಕಂತೆ 7ರಿಂದ 11 ನಿಮಿಷ ಬೇಕು; ಕಾಳು ಬಿಡಿಸಿ ಇಡುವುದಾದರೆ ತೆನೆಯನ್ನು 4 ನಿಮಿಷ ಬ್ಲಾಂಚ್ ಮಾಡಿ, ತಣ್ಣಗಾದ ಮೇಲೆ ಕಾಳನ್ನು ಕೊಯ್ದುಕೊಳ್ಳಬೇಕು. ಸಮುದ್ರ ಮಟ್ಟದಿಂದ ಸುಮಾರು 1500 ಮೀಟರಿಗಿಂತ ಎತ್ತರದಲ್ಲಿ ವಾಸಿಸುವವರು ಒಂದು ನಿಮಿಷ ಹೆಚ್ಚು ಸೇರಿಸಿಕೊಳ್ಳಬೇಕು, ಏಕೆಂದರೆ ಅಲ್ಲಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಹೊತ್ತು ಕಡಿಮೆಯಾದರೆ ಕಿಣ್ವಗಳು ಸಾಯುವ ಬದಲು ಚುರುಕಾಗುತ್ತವೆ. ಅರೆಬರೆ ಬ್ಲಾಂಚ್ ಮಾಡುವುದು ಏನೂ ಮಾಡದೆ ಇಡುವುದಕ್ಕಿಂತಲೂ ಕೆಟ್ಟದ್ದು. ಹೊತ್ತು ಹೆಚ್ಚಾದರೆ ಬಣ್ಣ, ರುಚಿ, ಸತ್ವಗಳು ನೀರಿನ ಪಾಲಾಗುತ್ತವೆ.

ಅರ್ಧ ಕಿಲೋ ತರಕಾರಿಗೆ ನಾಲ್ಕು ಲೀಟರಿಗೂ ತುಸು ಹೆಚ್ಚು ನೀರು ಇಟ್ಟುಕೊಳ್ಳಿ. ತರಕಾರಿ ಹಾಕಿದ ಒಂದು ನಿಮಿಷದೊಳಗೆ ನೀರು ಮತ್ತೆ ಮರಳಬೇಕು. ಮರಳದಿದ್ದರೆ ನೀವು ಪಾತ್ರೆಗೆ ಹಾಕಿದ ತರಕಾರಿ ಹೆಚ್ಚಾಯಿತೆಂದೇ ಅರ್ಥ. ನೀರು ಮತ್ತೆ ಮರಳಿದ ಕ್ಷಣದಿಂದ ನಿಮಿಷಗಳನ್ನು ಎಣಿಸಿ. ಬೀನ್ಸ್‌ನ ಮಾಸಲು ಹಸಿರು ಕಣ್ಣೆದುರೇ ಪಚ್ಚೆಯಂತೆ ಹೊಳೆಯತೊಡಗುತ್ತದೆ. ಅದನ್ನು ಕಂಡು ಆಯಿತೆಂದು ತೆಗೆಯಬೇಡಿ, ಗಡಿಯಾರವನ್ನೇ ನೋಡಿ. ಬೆಂದಷ್ಟೇ ಹೊತ್ತು ಮಂಜುಗಡ್ಡೆಯ ನೀರಿನಲ್ಲಿರಬೇಕು. ತರಕಾರಿಯ ತೂಕಕ್ಕೆ ಸಮನಾದಷ್ಟು ಮಂಜುಗಡ್ಡೆ ಬೇಕಾಗುವುದರಿಂದ ನಾನು ಹಿಂದಿನ ದಿನವೇ ಎರಡು ಡಬ್ಬಿಗಳಲ್ಲಿ ನೀರು ತುಂಬಿ ಗಟ್ಟಿ ಮಾಡಿಟ್ಟುಕೊಳ್ಳುತ್ತೇನೆ. ಆಮೇಲೆ ಜರಡಿಯಲ್ಲಿ ಬಸಿದು ಬಟ್ಟೆಯ ಮೇಲೆ ಆರಿಸಬೇಕು.

ಆರಿದ ತರಕಾರಿಯನ್ನು ನೇರವಾಗಿ ಚೀಲಕ್ಕೆ ತುಂಬದೆ, ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ ಎರಡು ಮೂರು ಗಂಟೆ ಫ್ರೀಜರ್‌ನಲ್ಲಿಟ್ಟು, ಬಿಡಿಬಿಡಿಯಾಗಿ ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ. ಇದರಿಂದ ಬೇಕಾದಾಗ ಒಂದು ಹಿಡಿ ತೆಗೆಯಬಹುದು. ಇನ್ನೂ ಮುಖ್ಯವಾದ ಲಾಭವೆಂದರೆ ತರಕಾರಿ ಬೇಗ ಹೆಪ್ಪುಗಟ್ಟುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹಿಮದ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶದ ಗೋಡೆಗಳನ್ನು ಚುಚ್ಚುತ್ತವೆ, ಕರಗಿದಾಗ ನೀರೆಲ್ಲ ಸೋರಿ ತರಕಾರಿ ಮೆತ್ತಗಾಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳುಗಳು ಸಣ್ಣವಾಗಿಯೇ ಉಳಿಯುತ್ತವೆ. ಈ ಗುಟ್ಟನ್ನು ವ್ಯಾಪಾರಕ್ಕೆ ತಂದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. 1910ರ ದಶಕದಲ್ಲಿ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿನ ಇನ್ಯುಯಿಟ್ ಜನರು ನೀರಿನಿಂದ ಎತ್ತಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣಗಳಲ್ಲೇ ಗಟ್ಟಿಯಾಗುವುದನ್ನೂ, ತಿಂಗಳುಗಳ ಬಳಿಕವೂ ಅದು ತಾಜಾ ರುಚಿ ಕೊಡುವುದನ್ನೂ ಅವರು ಕಂಡರು. ನಮ್ಮ ತಟ್ಟೆಯ ಮೇಲಿನ ಬೀನ್ಸ್‌ಗೂ ಅದೇ ನ್ಯಾಯ ಅನ್ವಯಿಸುತ್ತದೆ.

ಇದೇ ಕಾರಣಕ್ಕೆ ಫ್ರೀಜರ್‌ಗೆ ಒಂದೇ ದಿನ ಹೊರೆ ಹಾಕಬಾರದು. ನೂರು ಲೀಟರ್ ಜಾಗಕ್ಕೆ ದಿನಕ್ಕೆ 3ರಿಂದ 5 ಕಿಲೋ ಹೊಸ ಪದಾರ್ಥ ಸಾಕು. ಉಷ್ಣತೆ ಸೊನ್ನೆಗಿಂತ ಕೆಳಗೆ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ಇರಬೇಕು; ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಂದು ಉಷ್ಣತಾಮಾಪಕವನ್ನು ಒಳಗಿಟ್ಟು ನೋಡುವುದು ಕ್ಷೇಮ.

ದಪ್ಪ ಮೆಣಸಿನಕಾಯಿಗೆ ಬ್ಲಾಂಚಿಂಗ್ ಬೇಕಿಲ್ಲ. ಬೀಜ ತೆಗೆದು, ಸೀಳಿ, ತಟ್ಟೆಯಲ್ಲಿ ಗಟ್ಟಿ ಮಾಡಿ ಚೀಲಕ್ಕೆ ಹಾಕಿದರಾಯಿತು. ಸೌತೆಕಾಯಿ, ಮೂಲಂಗಿ, ಲೆಟಿಸ್‌ಗಳನ್ನು ಮಾತ್ರ ಪ್ರಯತ್ನಿಸಲೂ ಹೋಗಬೇಡಿ. ಅವು ಕರಗಿದ ಮೇಲೆ ನೀರಾಗಿಬಿಡುತ್ತವೆ.

ಮೂರನೆಯ ಉತ್ತರ

ಟೊಮೆಟೊ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ. ಪೂರ್ತಿ ಹಣ್ಣಾದ, ಗಟ್ಟಿಯಾಗಿರುವ ಟೊಮೆಟೊಗಳನ್ನು ತೊಳೆದು, ಒರೆಸಿ, ತೊಟ್ಟಿನ ಭಾಗವನ್ನು ಕೆತ್ತಿ ತೆಗೆದು, ಇಡಿಯಾಗಿಯೇ ಹೆಪ್ಪುಗಟ್ಟಿಸಿ. ಬೇಕಾದಾಗ ಒಂದೊಂದನ್ನೇ ತೆಗೆದು ನಲ್ಲಿಯ ನೀರಿನ ಕೆಳಗೆ ಕ್ಷಣಹೊತ್ತು ಹಿಡಿದರೆ ಸಿಪ್ಪೆ ಬಿರುಕುಬಿಟ್ಟು, ಹೆಬ್ಬೆರಳಿನಿಂದ ಸವರಿದ ಮಾತ್ರಕ್ಕೆ ಇಡಿಯಾಗಿ ಜಾರಿ ಕೈಗೆ ಬರುತ್ತದೆ. ಕರಗಿದ ಮೇಲೆ ಅದು ಹಸಿಯಾಗಿ ಹೆಚ್ಚಿ ತಿನ್ನಲು ಬರುವುದಿಲ್ಲ, ಬೇಯಿಸುವ ಅಡುಗೆಗೆ ಮಾತ್ರ. ನನ್ನ ಫ್ರೀಜರ್‌ನಲ್ಲಿ ಜಾಗ ಕಡಿಮೆಯಾದ್ದರಿಂದ ಅರ್ಧದಷ್ಟನ್ನು ಬೇಯಿಸಿ, ಸೋಸಿ, ಗಟ್ಟಿ ರಸ ಮಾಡಿ ಡಬ್ಬಿಗಳಲ್ಲಿ ಇಡುತ್ತೇನೆ. ನೀರಿನಂಶ ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಾಗಾಗಿ ಡಬ್ಬಿಯ ಮೇಲ್ಭಾಗದಲ್ಲಿ ಒಂದೆರಡು ಸೆಂಟಿಮೀಟರ್ ಖಾಲಿ ಬಿಡಲೇಬೇಕು. ಒಮ್ಮೆ ಅಂಚಿನವರೆಗೆ ತುಂಬಿದ ಗಾಜಿನ ಶೀಶೆ ರಾತ್ರೋರಾತ್ರಿ ಸೀಳಿಹೋಗಿ, ಆರು ಕಿಲೋ ಹಣ್ಣಿನ ರಸವನ್ನು ಗಾಜಿನ ಚೂರುಗಳ ಭಯಕ್ಕೆ ಚೆಲ್ಲಬೇಕಾಯಿತು.

ಪ್ರಶ್ನೆ ಕೇಳಿದವರಿಂದ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ. ಎಣ್ಣೆಯಲ್ಲಿ ರುಬ್ಬಿದ ಬೇಸಿಲ್ ಘನಗಳನ್ನು ಕರಗಿಸಿ ಶೀಶೆಯಲ್ಲಿ ತುಂಬಿ, ಅಡುಗೆಮನೆಯ ಕಟ್ಟೆಯ ಮೇಲೆ ವಾರವಿಡೀ ಇಟ್ಟುಕೊಳ್ಳಬಹುದೇ? ಇನ್ನೊಂದು, ಕಳೆದ ಸಲ ಚೀಲದೊಳಗೆ ಬಿಳಿಯ ಹಿಮದ ಪುಡಿ ತುಂಬಿಕೊಂಡು ತರಕಾರಿಯ ಅಂಚುಗಳು ಬಿಳಿಚಿಕೊಂಡು ಒಣಗಿದ್ದವು. ಅದು ಏಕೆ?

ಮೊದಲು ಉತ್ತರಿಸಿದವರಿಂದ

ಮೊದಲ ಸಂದೇಹಕ್ಕೆ ನನ್ನ ಉತ್ತರ: ಖಂಡಿತ ಬೇಡ. ಈ ಎಚ್ಚರಿಕೆಯನ್ನು ನಾನು ಮೊದಲೇ ಬರೆಯಬೇಕಿತ್ತು, ಮರೆತದ್ದಕ್ಕೆ ಕ್ಷಮೆಯಿರಲಿ. ಮಣ್ಣಿನಲ್ಲಿ ಬೆಳೆದ ಸೊಪ್ಪು, ಬೆಳ್ಳುಳ್ಳಿಗಳ ಮೇಲೆ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಹುಳಿಯ ಅಂಶ ಕಡಿಮೆ ಇದ್ದು ಗಾಳಿಯ ಸಂಪರ್ಕ ಇಲ್ಲದ ಕಡೆ ಅವು ಚಿಗುರಿ ಮಾರಕ ವಿಷವನ್ನು ಉಂಟುಮಾಡುತ್ತವೆ, ಎಣ್ಣೆಯೊಳಗೆ ಮುಳುಗಿದ ಸೊಪ್ಪು ಅವುಗಳಿಗೆ ತಕ್ಕ ಜಾಗ. ಆ ವಿಷ ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಗೊತ್ತಾಗದೆ ಹೋಗಬಹುದು. ಹೆಪ್ಪುಗಟ್ಟಿಸುವುದರಿಂದ ಬೀಜಕಗಳು ಸಾಯುವುದಿಲ್ಲ; ಅವುಗಳ ಬೆಳವಣಿಗೆ ತಡೆಯಲ್ಪಡುತ್ತದೆ, ಅಷ್ಟೆ. ಹಾಗಾಗಿ ಎಣ್ಣೆಯ ಘನವನ್ನು ಫ್ರೀಜರ್‌ನಿಂದ ತೆಗೆದು ನೇರವಾಗಿ ಬಿಸಿ ಬಾಣಲೆಗೇ ಹಾಕಿ. ಕರಗಿಸಿದ್ದು ಉಳಿದರೆ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನಗಳೊಳಗೆ ಮುಗಿಸಿ. ಹೊರಗೆ ಉಳಿದುಹೋದದ್ದನ್ನು ರುಚಿ ನೋಡಲೂ ಹೋಗದೆ ಎಸೆಯಿರಿ. ಒಂದು ಸಲಕ್ಕೆ ಒಂದು ಘನ ಎಂದು ನಾನು ಹಠ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಚೀಲದೊಳಗೆ ಉಳಿದ ಗಾಳಿಯ ಪರಿಣಾಮ. ತರಕಾರಿಯ ಮೇಲ್ಮೈಯಲ್ಲಿರುವ ಹಿಮ ನೀರಾಗದೆ ನೇರವಾಗಿ ಆವಿಯಾಗಿ, ಚೀಲದ ಒಳಮೈಗೆ ಹೋಗಿ ಪುಡಿಯಾಗಿ ಕೂರುತ್ತದೆ; ತರಕಾರಿ ಒಣಗುತ್ತದೆ. ತಿಂದರೆ ಅಪಾಯವಿಲ್ಲ, ಆದರೆ ರುಚಿ ಸತ್ತಿರುತ್ತದೆ. ಗಾಳಿ ತೆಗೆಯಲು ಯಂತ್ರ ಇಲ್ಲದವರು ಜಿಪ್ ಚೀಲದ ಬಾಯಿಯನ್ನು ಒಂದು ಮೂಲೆ ಬಿಟ್ಟು ಮುಚ್ಚಿ, ಚೀಲವನ್ನು ನೀರು ತುಂಬಿದ ಬೋಗುಣಿಯಲ್ಲಿ ನಿಧಾನವಾಗಿ ಇಳಿಸಬೇಕು. ನೀರಿನ ಒತ್ತಡಕ್ಕೆ ಪ್ಲಾಸ್ಟಿಕ್ ತರಕಾರಿಗೆ ಮೆತ್ತಿಕೊಳ್ಳುತ್ತಾ ಬಂದು ಗಾಳಿ ಆ ಮೂಲೆಯಿಂದ ಹೊರಹೋಗುತ್ತದೆ. ನೀರು ಬಾಯಿಯ ಹತ್ತಿರ ಬಂದಾಗ ಮೂಲೆಯನ್ನು ಒತ್ತಿ ಮುಚ್ಚಬೇಕು. ತಾನಾಗಿಯೇ ಹಿಮ ಕರಗಿಸಿಕೊಳ್ಳುವ ಫ್ರೀಜರ್‌ಗಳಲ್ಲಿ ಒಳಗಿನ ಉಷ್ಣತೆ ಆಗಾಗ ಏರಿಳಿಯುವುದರಿಂದ ಈ ತೊಂದರೆ ಹೆಚ್ಚು. ಬಾಗಿಲಿನ ಹತ್ತಿರ ಸೊಪ್ಪಿನ ಪೊಟ್ಟಣಗಳನ್ನು ಇಡಬೇಡಿ. ಎಷ್ಟೇ ಎಚ್ಚರವಹಿಸಿದರೂ 8ರಿಂದ 12 ತಿಂಗಳೊಳಗೆ ತರಕಾರಿಯನ್ನು ಬಳಸಿ ಮುಗಿಸುವುದು ಒಳ್ಳೆಯದು. ಸೊಪ್ಪನ್ನು ನಾನು ಆರು ತಿಂಗಳಿಗಿಂತ ಹೆಚ್ಚು ಇಡುವುದಿಲ್ಲ.

ಇನ್ನೊಂದು ಅನುಭವ

ಕರೆಂಟ್ ಹೋದಾಗ ಏನು ಮಾಡಬೇಕೆಂಬುದನ್ನೂ ಇಲ್ಲಿ ಸೇರಿಸುವುದು ಉಚಿತವೆನಿಸುತ್ತದೆ. ತುಂಬಿದ ಫ್ರೀಜರ್‌ನ ಬಾಗಿಲು ತೆರೆಯದೆ ಇದ್ದರೆ ಒಳಗಿನ ಚಳಿ ಸುಮಾರು 48 ಗಂಟೆ ನಿಲ್ಲುತ್ತದೆ, ಅರ್ಧ ತುಂಬಿದ್ದರೆ 24 ಗಂಟೆ. ಆದ್ದರಿಂದ ಖಾಲಿ ಜಾಗವನ್ನು ನೀರು ತುಂಬಿದ ಬಾಟಲಿಗಳಿಂದ ಭರ್ತಿ ಮಾಡಿಡುವುದು ಒಳ್ಳೆಯ ಅಭ್ಯಾಸ. ನಾನು ಒಂದು ಸಲ ಮೂರು ದಿನ ಮನೆಯಿಂದ ಹೊರಗಿದ್ದು ಹಿಂದಿರುಗಿದಾಗ ಎಲ್ಲವೂ ಗಟ್ಟಿಯಾಗಿಯೇ ಇತ್ತು. ಆದರೆ ಬಟಾಣಿಯ ಚೀಲಗಳು ತಳದಲ್ಲಿ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿವೆ ಎಂದು ಆಗ ತಿಳಿಯಿತು. ಎಷ್ಟು ಹೊತ್ತು ಕರಗಿದ್ದವೆಂದು ತಿಳಿಯುವ ದಾರಿಯಿಲ್ಲದ್ದರಿಂದ ಅಷ್ಟನ್ನೂ ಬಿಟ್ಟುಕೊಡಬೇಕಾಯಿತು. ಅಂದಿನಿಂದ ಒಂದು ಲೋಟದಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ನಾಣ್ಯವಿಟ್ಟು ಫ್ರೀಜರ್‌ನ ಮೂಲೆಯಲ್ಲಿ ಇಟ್ಟಿದ್ದೇನೆ. ಊರಿನಿಂದ ಬಂದ ಕೂಡಲೇ ಅದನ್ನು ನೋಡುತ್ತೇನೆ: ನಾಣ್ಯ ಮೇಲೆಯೇ ಇದ್ದರೆ ಎಲ್ಲವೂ ಕ್ಷೇಮ, ತಳಕ್ಕಿಳಿದಿದ್ದರೆ ಎಲ್ಲವೂ ಕರಗಿದ್ದವೆಂದು ಅರ್ಥ. ಕರೆಂಟ್ ಮರಳಿದಾಗ ಮನೆಯಲ್ಲೇ ಇದ್ದರೆ, ಒಳಗೆ ಇನ್ನೂ ಹಿಮದ ಹರಳುಗಳು ಉಳಿದಿರುವ ಅಥವಾ ಫ್ರಿಜ್‌ನಷ್ಟೇ ತಣ್ಣಗಿರುವ ಪೊಟ್ಟಣಗಳನ್ನು ಮತ್ತೆ ಹೆಪ್ಪುಗಟ್ಟಿಸಬಹುದು. ರುಚಿ ಸ್ವಲ್ಪ ಇಳಿಯುವುದರಿಂದ ಅವುಗಳ ಮೇಲೆ ಗುರುತು ಹಾಕಿ ಮೊದಲು ಬಳಸಿಬಿಡಿ.

ಗುರುತಿನ ಮಾತು ಬಂದದ್ದರಿಂದ ಇದೊಂದನ್ನು ಹೇಳುತ್ತೇನೆ. ಚೀಲದ ಮೇಲೆ ಹೆಸರು, ತಾರೀಖು, ಅಳತೆಗಳನ್ನು ತುಂಬುವ ಮೊದಲೇ, ಚೀಲ ಒಣಗಿ ಚಪ್ಪಟೆಯಾಗಿರುವಾಗಲೇ, ಅಳಿಸಿಹೋಗದ ಶಾಯಿಯ ಪೆನ್ನಿನಿಂದ ಬರೆಯಿರಿ. ತಣ್ಣಗಾದ ಚೀಲ ಬೆವರುವುದರಿಂದ ಅದರ ಮೇಲೆ ಪೆನ್ನೂ ಓಡುವುದಿಲ್ಲ, ಕಾಗದದ ಚೀಟಿಯೂ ನಿಲ್ಲುವುದಿಲ್ಲ. ಹೆಪ್ಪುಗಟ್ಟಿದ ಮೇಲೆ ಪಾಲಕ್ ಯಾವುದು, ಪುದೀನ ಯಾವುದು ಎಂದು ಬಿಚ್ಚದೆ ಹೇಳುವುದು ಯಾರಿಗೂ ಸಾಧ್ಯವಿಲ್ಲ.